ಒಂದೇ ಆಸ್ಪತ್ರೆ, ನನಗೆ ಫ್ರೀ, ಅಮ್ಮನಿಗೆ ಬಿಲ್: ಬ್ರಿಟನ್ನಿನ ಎನ್‌ಎಚ್‌ಎಸ್ ಯಾರ ಆಸ್ಪತ್ರೆ?

ಕಳೆದ ವರ್ಷ ಜನವರಿಯಲ್ಲಿ ಇಂಗ್ಲೆಂಡಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನನಗೆ ಹೆರಿಗೆ ಆಯ್ತು. ಸಿಸೇರಿಯನ್, ಮೂರು ದಿನ ವಾರ್ಡು, ಮನೆಗೆ ಬಂದ ಮೇಲೆ ಸೂಲಗಿತ್ತಿ ನರ್ಸ್ ಭೇಟಿ. ಒಂದು ಪೈಸೆ ಬಿಲ್ ಬರಲಿಲ್ಲ. ಐದು ವಾರ ಕಳೆದ ಮೇಲೆ ಅದೇ ಆಸ್ಪತ್ರೆಗೆ, ಅದೇ ಬಾಗಿಲಿನಿಂದ, ನನ್ನ ಅಮ್ಮನನ್ನು ಕರೆದುಕೊಂಡು ಹೋದೆ. ಬಾಣಂತನ ಮಾಡೋಕೆ ಅಂತ ದಾವಣಗೆರೆಯಿಂದ ಆರು ತಿಂಗಳ ವಿಸಿಟರ್ ವೀಸಾದಲ್ಲಿ ಬಂದಿದ್ದರು. ನಾಲ್ಕು ದಿನ ಅಡ್ಮಿಟ್ ಆಗಿದ್ದರು. ಅವರ ಹೆಸರಿಗೆ ಬಂದ ಬಿಲ್ ಅಪ್ಪಾಜಿಯ ಒಂದು ವರ್ಷದ ಪಿಂಚಣಿಗಿಂತ ಜಾಸ್ತಿ ಇತ್ತು.

ಬಿಲ್ ಬಂದದ್ದಕ್ಕೆ ನನಗೆ ಆಘಾತ ಆಗಲಿಲ್ಲ. ನಿಯಮ ಗೊತ್ತಿತ್ತು. ಆಘಾತ ಆಗಿದ್ದು ಬೇರೆ ವಿಷಯಕ್ಕೆ. ಅಮ್ಮ ಮೂರು ದಿನದಿಂದ ಹೊಟ್ಟೆನೋವು ತಡಕೊಂಡಿದ್ದರು. "ಗ್ಯಾಸ್ ಇರಬೇಕು ಬಿಡೇ" ಅಂತ ಜೀರಿಗೆ ಕಷಾಯ ಕುಡಿದು, ಮಗೂಗೆ ಎಣ್ಣೆ ಹಚ್ಚಿ, ನನಗೆ ಸಾರು ಅನ್ನ ಮಾಡಿಟ್ಟು ಮಲಗುತ್ತಿದ್ದರು. ಜ್ವರ ಬಂದು ಮೈ ನಡುಗೋಕೆ ಶುರುವಾದ ಮೇಲೇ ಬಾಯಿ ಬಿಟ್ಟದ್ದು. "ಇಲ್ಲಿ ನಂಗೆ ದುಡ್ಡು ಹಾಕ್ತಾರೆ ಅಂತ ನೀನೇ ಅಳಿಯಂದಿರ ಹತ್ರ ಹೇಳ್ತಿದ್ದೆಯಲ್ಲ" ಅಂದರು. ಹೌದು, ಹೇಳಿದ್ದೆ.

ವಿದೇಶಿಯರಿಗೆ ಉಚಿತ ಚಿಕಿತ್ಸೆ ಕೊಡಬೇಕೋ ಬೇಡವೋ ಅನ್ನೋದು ಬ್ರಿಟನ್ನಿನಲ್ಲಿ ಪ್ರತಿ ಚುನಾವಣೆಯಲ್ಲೂ ಕಾವೇರುವ ವಿಷಯ. ಟಿವಿ ಚರ್ಚೆಗಳಲ್ಲಿ ಅದು 'ನಮ್ಮ ತೆರಿಗೆ, ಅವರ ಚಿಕಿತ್ಸೆ' ಅನ್ನೋ ಎರಡು ಮಾತಿಗೆ ಇಳಿಯುತ್ತದೆ. ಆದರೆ ನಿಜವಾದ ನಿಯಮ ನಡೆಯೋದು ತೆರಿಗೆಯ ಮೇಲೂ ಅಲ್ಲ, ಪಾಸ್‌ಪೋರ್ಟ್ ಮೇಲೂ ಅಲ್ಲ. ಅದನ್ನು ಬಿಡಿಸಿ ನೋಡೋಣ. (ಸ್ಕಾಟ್‌ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ಅವರವರದ್ದೇ ನಿಯಮಗಳಿವೆ. ಇಲ್ಲಿ ಹೇಳೋದು ಇಂಗ್ಲೆಂಡಿನ ಕತೆ.)

'ಇಲ್ಲಿ ವಾಸ ಇರೋರು' ಅಂದರೆ ಯಾರು?

ನ್ಯಾಷನಲ್ ಹೆಲ್ತ್ ಸರ್ವಿಸ್, ಅಂದರೆ ಎನ್‌ಎಚ್‌ಎಸ್, ಶುರುವಾದದ್ದು 1948ರ ಜುಲೈ 5ರಂದು. ಆಗ ವಿದೇಶಿ, ಸ್ವದೇಶಿ ಅನ್ನೋ ಭೇದ ಇರಲಿಲ್ಲ. ಬಾಗಿಲಿಗೆ ಬಂದವರಿಗೆಲ್ಲ ಚಿಕಿತ್ಸೆ. ಮರುವರ್ಷವೇ, 1949ರಲ್ಲಿ, ದೇಶದ ನಿವಾಸಿಗಳಲ್ಲದವರಿಂದ ಹಣ ಪಡೆಯುವ ಅಧಿಕಾರವನ್ನು ಸರ್ಕಾರ ಕಾನೂನಿನಲ್ಲಿ ಬರೆದುಕೊಂಡಿತು. ಆದರೆ ಆ ಅಧಿಕಾರವನ್ನು ಚಲಾಯಿಸಿ ನಿಯಮ ಮಾಡಿದ್ದು 1982ರಲ್ಲಿ. ಮೂವತ್ತಕ್ಕೂ ಹೆಚ್ಚು ವರ್ಷ ಆ ಕಲಮು ಸುಮ್ಮನೆ ಪುಸ್ತಕದಲ್ಲಿ ಮಲಗಿತ್ತು.

ಯಾಕೆ? ಎನ್‌ಎಚ್‌ಎಸ್ ಕಟ್ಟಿದ ಆರೋಗ್ಯ ಮಂತ್ರಿ ಅನ್ಯೂರಿನ್ ಬೆವನ್ ಕೊಟ್ಟ ಕಾರಣ ತುಂಬಾ ಸರಳ. ವಿದೇಶಿಯರನ್ನು ಬೇರೆ ಮಾಡಬೇಕು ಅಂದರೆ ಸ್ವದೇಶಿಯರೆಲ್ಲರೂ ತಾವು ಸ್ವದೇಶಿಯರು ಅಂತ ದಾಖಲೆ ತೋರಿಸಬೇಕಾಗುತ್ತದೆ, ಕೊನೆಗೆ ಎಲ್ಲರಿಗೂ ಕಿರಿಕಿರಿ ಅನ್ನೋದು 1952ರಲ್ಲಿ ಬಂದ ಅವರ ಪುಸ್ತಕದ ವಾದ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇವತ್ತಿಗೂ ಇಡೀ ವ್ಯವಸ್ಥೆ ನಿಂತಿರೋದು 'ಆರ್ಡಿನರಿಲಿ ರೆಸಿಡೆಂಟ್' ಅನ್ನೋ ಎರಡು ಪದಗಳ ಮೇಲೆ. ವಾಡಿಕೆಯ ನಿವಾಸಿ ಅನ್ನಬಹುದು. ಇದರ ಅರ್ಥವನ್ನು ಗಟ್ಟಿ ಮಾಡಿದ್ದು ಆಸ್ಪತ್ರೆಗೆ ಸಂಬಂಧವೇ ಇಲ್ಲದ ಒಂದು ಪ್ರಕರಣ. ಬಾರ್ನೆಟ್ ಕೌನ್ಸಿಲ್ ವಿರುದ್ಧ ಶಾ ಅನ್ನೋ ಆ ಮೊಕದ್ದಮೆ ವಿದ್ಯಾರ್ಥಿಗಳ ಶಿಕ್ಷಣ ಅನುದಾನದ್ದು. 1983ರ ವರದಿಗಳಲ್ಲಿ ದಾಖಲಾಗಿರುವ ಆ ತೀರ್ಪಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದರ ಸಾರ ಇಷ್ಟು: ಕಾನೂನುಬದ್ಧವಾಗಿ, ಸ್ವಇಚ್ಛೆಯಿಂದ, ಒಂದು ನೆಲೆಯಾದ ಉದ್ದೇಶಕ್ಕೆ, ಸದ್ಯದ ಬದುಕಿನ ಸಹಜ ಭಾಗವಾಗಿ ನೀವು ಇಲ್ಲಿ ಬದುಕುತ್ತಿದ್ದರೆ ನೀವು ವಾಡಿಕೆಯ ನಿವಾಸಿ. ಅದು ಕಡಿಮೆ ಕಾಲಕ್ಕಾದರೂ ಸರಿ, ಹೆಚ್ಚು ಕಾಲಕ್ಕಾದರೂ ಸರಿ.

ಗಮನಿಸಿ, ಇದರಲ್ಲಿ ಪೌರತ್ವ ಇಲ್ಲ. ತೆರಿಗೆಯೂ ಇಲ್ಲ. ಬೆಂಗಳೂರಿನಲ್ಲಿ ಹತ್ತು ವರ್ಷದಿಂದ ನೆಲೆಸಿರುವ ಬ್ರಿಟಿಷ್ ಪಾಸ್‌ಪೋರ್ಟಿನ ವ್ಯಕ್ತಿ ಲಂಡನ್ನಿಗೆ ಮದುವೆಗೆ ಅಂತ ಹೋಗಿ ಕಾಲು ಮುರಿದುಕೊಂಡು ಅಡ್ಮಿಟ್ ಆದರೆ ಅವರಿಗೂ ಬಿಲ್ ಬರಬಹುದು. ಇಪ್ಪತ್ತು ವರ್ಷ ಅಲ್ಲಿ ತೆರಿಗೆ ಕಟ್ಟಿದ್ದೆ ಅಂದರೂ ಅದು ಲೆಕ್ಕಕ್ಕೆ ಬರೋದಿಲ್ಲ. ಅದೇ ವ್ಯಕ್ತಿ ಗಂಟುಮೂಟೆ ಕಟ್ಟಿಕೊಂಡು ಕಾಯಂ ಆಗಿ ವಾಪಸ್ ಹೋದರೆ, ಇಳಿದ ದಿನದಿಂದಲೇ ಉಚಿತ.

ನನಗೆ ಯಾಕೆ ಫ್ರೀ?

ನಿಜ ಹೇಳಬೇಕು ಅಂದರೆ ನನಗೆ ಫ್ರೀ ಅಲ್ಲ. ಮುಂಗಡ ಕಟ್ಟಿದ್ದೀನಿ.

2014ರ ವಲಸೆ ಕಾಯ್ದೆ ಆ ಹಳೆಯ ವ್ಯಾಖ್ಯಾನವನ್ನು ಬಿಗಿ ಮಾಡಿತು. ವೀಸಾ ನಿಯಂತ್ರಣಕ್ಕೆ ಒಳಪಟ್ಟ ನಮ್ಮಂಥ ವಿದೇಶಿಯರು ಎಷ್ಟೇ ನೆಲೆಯಾಗಿ ಬದುಕುತ್ತಿದ್ದರೂ, ಕಾಯಂ ವಾಸದ ಹಕ್ಕು ಸಿಗುವ ತನಕ ವಾಡಿಕೆಯ ನಿವಾಸಿಗಳಲ್ಲ ಅಂತಾಯ್ತು. ಅದರ ಬದಲಿಗೆ 2015ರ ಏಪ್ರಿಲ್‌ನಲ್ಲಿ ಬಂದದ್ದು ಇಮಿಗ್ರೇಷನ್ ಹೆಲ್ತ್ ಸರ್‌ಚಾರ್ಜ್. ಆರು ತಿಂಗಳಿಗಿಂತ ಹೆಚ್ಚಿನ ವೀಸಾ ಬೇಕಾದರೆ ಅಷ್ಟೂ ವರ್ಷದ ಆರೋಗ್ಯ ಶುಲ್ಕವನ್ನು ಅರ್ಜಿಯ ಜೊತೆಗೇ ಕಟ್ಟಬೇಕು.

ಈ ಶುಲ್ಕ ಏರಿದ ವೇಗ ನೋಡಿ. 2015ರಲ್ಲಿ ವರ್ಷಕ್ಕೆ 200 ಪೌಂಡ್. 2019ರಲ್ಲಿ 400. 2020ರಲ್ಲಿ 624. 2024ರ ಫೆಬ್ರವರಿಯಿಂದ 1,035. ವಿದ್ಯಾರ್ಥಿಗಳಿಗೂ 18 ವರ್ಷದೊಳಗಿನ ಮಕ್ಕಳಿಗೂ 776. ಒಂಬತ್ತು ವರ್ಷದಲ್ಲಿ ಐದು ಪಟ್ಟು! ವೀಸಾ ನವೀಕರಿಸುವಾಗ ನಾನೂ ನನ್ನ ಗಂಡನೂ ಮೂರು ವರ್ಷಕ್ಕೆ ಕಟ್ಟಿದ್ದು 6,210 ಪೌಂಡ್, ನಮ್ಮ ದುಡ್ಡಲ್ಲಿ ಆರು ಲಕ್ಷಕ್ಕೂ ಮೀರಿ. ಇದರ ಮೇಲೆ ಪ್ರತಿ ತಿಂಗಳು ಸಂಬಳದಲ್ಲಿ ಎಲ್ಲರಂತೆ ಆದಾಯ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ ಕಡಿತ. ಎನ್‌ಎಚ್‌ಎಸ್ ನಡೆಯೋದು ಮುಖ್ಯವಾಗಿ ಇದೇ ತೆರಿಗೆ ಹಣದಲ್ಲಿ. ಅಂದರೆ ಒಂದೇ ಸೇವೆಗೆ ನಾವು ಎರಡು ಸಲ ಕೊಡುತ್ತಿದ್ದೀವಿ. 'ಬಿಟ್ಟಿ ಚಿಕಿತ್ಸೆಗೆ ಬರುವ ವಲಸಿಗರು' ಅಂತ ಯಾರಾದರೂ ಅಂದಾಗ ನನಗೆ ರೇಗೋದು ಇದಕ್ಕೇ.

ನಮ್ಮ ಮಗುವಿಗೆ? ಸರ್‌ಚಾರ್ಜ್ ಕಟ್ಟಿದ ತಾಯಿಗೆ ಅಲ್ಲಿ ಹುಟ್ಟಿದ ಕೂಸಿಗೆ ಮೊದಲ ಮೂರು ತಿಂಗಳು ವಿನಾಯಿತಿ. ಆ ಮೇಲೆ ಕೂಸಿನ ಹೆಸರಲ್ಲೂ ವೀಸಾ, ಕೂಸಿನ ಹೆಸರಲ್ಲೂ ಸರ್‌ಚಾರ್ಜ್. ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಬರೋದಿಲ್ಲ.

ಇದಕ್ಕೆ ಒಂದು ಮುಖ್ಯ ವಿನಾಯಿತಿ ಇದೆ. ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಎನ್‌ಎಚ್‌ಎಸ್‌ನಲ್ಲೇ ದುಡಿಯುವ ವಿದೇಶಿ ನರ್ಸುಗಳೂ ಅದೇ ಎನ್‌ಎಚ್‌ಎಸ್ ಬಳಸಲು ಶುಲ್ಕ ಕಟ್ಟಬೇಕಾ ಅನ್ನೋ ಪ್ರಶ್ನೆ ಸಂಸತ್ತಿನಲ್ಲಿ ಜೋರಾಯಿತು. ಬುಧವಾರ ಶುಲ್ಕವನ್ನು ಸಮರ್ಥಿಸಿಕೊಂಡ ಪ್ರಧಾನಿ ಬೋರಿಸ್ ಜಾನ್ಸನ್ ಗುರುವಾರ ಹಿಂದೆ ಸರಿದರು. ಆರೋಗ್ಯ ಮತ್ತು ಆರೈಕೆ ಸಿಬ್ಬಂದಿಗೆ ಸರ್‌ಚಾರ್ಜ್ ಹೋಯ್ತು. ಇಂಗ್ಲೆಂಡಿನ ಎನ್‌ಎಚ್‌ಎಸ್ ಸಿಬ್ಬಂದಿಯಲ್ಲಿ ಬ್ರಿಟಿಷರನ್ನು ಬಿಟ್ಟರೆ ಅತಿ ದೊಡ್ಡ ಸಂಖ್ಯೆ ಭಾರತೀಯರದ್ದು. ಅಮ್ಮನಿಗೆ ಡ್ರಿಪ್ ಹಾಕಿದ ನರ್ಸ್ ಕೊಟ್ಟಾಯಂನವರು. ಅಮ್ಮ ಕನ್ನಡದಲ್ಲಿ, ಅವರು ಮಲಯಾಳಂನಲ್ಲಿ, ಇಬ್ಬರೂ ಹೇಗೋ ಮಾತಾಡಿಕೊಂಡರು.

ಅಮ್ಮನಿಗೆ ಯಾಕೆ ಬಿಲ್?

ಪ್ರವಾಸಿ ವೀಸಾದವರಿಗೆ ಸರ್‌ಚಾರ್ಜ್ ಕಟ್ಟುವ ಅವಕಾಶವೇ ಇಲ್ಲ. ಅವರು 'ಓವರ್‌ಸೀಸ್ ವಿಸಿಟರ್'. 2015ರ ನಿಯಮಗಳ ಪ್ರಕಾರ ಅವರಿಗೆ ಆಸ್ಪತ್ರೆ ಹಾಕಬೇಕಾದ ದರ ಎನ್‌ಎಚ್‌ಎಸ್‌ನ ಒಳಗಿನ ದರದ ಶೇ 150. ಅಂದರೆ ಖರ್ಚಿನ ಮೇಲೆ ಅರ್ಧದಷ್ಟು ಹೆಚ್ಚುವರಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ಕೆಲವು ದೇಶಗಳ ಜೊತೆ ಬ್ರಿಟನ್ನಿಗೆ ಪರಸ್ಪರ ಚಿಕಿತ್ಸೆಯ ಒಪ್ಪಂದ ಇದೆ. ಭಾರತದ ಜೊತೆ ಇಲ್ಲ.

ಆದರೂ ಪ್ರವಾಸಿಗೆ ಎಲ್ಲಕ್ಕೂ ದುಡ್ಡಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ, ನನಗೂ ಪೂರ್ತಿ ಗೊತ್ತಿರಲಿಲ್ಲ:

- ಜಿಪಿ, ಅಂದರೆ ಬಡಾವಣೆಯ ಡಾಕ್ಟರ್, ನೋಡೋದಕ್ಕೆ ಶುಲ್ಕ ಇಲ್ಲ. ಪ್ರವಾಸಿಯೂ ನೋಂದಾಯಿಸಿಕೊಳ್ಳಲು ಕೇಳಬಹುದು.
- ಎ ಅಂಡ್ ಇ, ಅಂದರೆ ತುರ್ತು ವಿಭಾಗದ ಚಿಕಿತ್ಸೆ ಉಚಿತ. ಆದರೆ 'ಅಡ್ಮಿಟ್' ಅಂತ ಬರೆದ ಕ್ಷಣದಿಂದ ಮೀಟರ್ ಓಡೋಕೆ ಶುರು.
- ಕ್ಷಯ, ಕೋವಿಡ್‌ನಂಥ ಪಟ್ಟಿಯಲ್ಲಿರುವ ಸಾಂಕ್ರಾಮಿಕ ರೋಗಗಳ ಪತ್ತೆ ಮತ್ತು ಚಿಕಿತ್ಸೆ, ಲೈಂಗಿಕವಾಗಿ ಹರಡುವ ಸೋಂಕುಗಳ ಚಿಕಿತ್ಸೆ ಎಲ್ಲರಿಗೂ ಉಚಿತ. ಎಚ್‌ಐವಿ ಈ ಪಟ್ಟಿಗೆ ಸೇರಿದ್ದು 2012ರಲ್ಲಿ.
- ಚಿತ್ರಹಿಂಸೆ, ಕೌಟುಂಬಿಕ ಹಿಂಸೆ, ಲೈಂಗಿಕ ದೌರ್ಜನ್ಯದಿಂದ ಆದ ತೊಂದರೆಗೆ ಚಿಕಿತ್ಸೆ ಉಚಿತ. ಆ ಚಿಕಿತ್ಸೆಗಾಗಿಯೇ ದೇಶಕ್ಕೆ ಬಂದಿರಬಾರದು ಅಷ್ಟೇ.
- ನಿರಾಶ್ರಿತರು, ಆಶ್ರಯ ಕೋರಿ ಅರ್ಜಿ ಹಾಕಿ ತೀರ್ಪಿಗೆ ಕಾಯುತ್ತಿರುವವರು, ಮಾನವ ಸಾಗಣೆಗೆ ಬಲಿಯಾದವರು, ಇವರಿಗೆ ಪೂರ್ತಿ ವಿನಾಯಿತಿ.

ಉಳಿದ ಆಸ್ಪತ್ರೆ ಚಿಕಿತ್ಸೆಯನ್ನು ಮೂರು ಭಾಗ ಮಾಡುತ್ತಾರೆ. ತಕ್ಷಣ ಬೇಕಾದದ್ದು, ತುರ್ತಿನದ್ದು, ತುರ್ತಲ್ಲದ್ದು. ಮೊದಲನೆಯದನ್ನು ದುಡ್ಡಿಲ್ಲ ಅಂತ ನಿಲ್ಲಿಸುವ ಹಾಗಿಲ್ಲ. ಹೆರಿಗೆ ಸಂಬಂಧದ ಎಲ್ಲ ಆರೈಕೆಯೂ ಇದರಲ್ಲೇ ಬರುತ್ತದೆ. ಎರಡನೆಯದು, ರೋಗಿ ತನ್ನ ದೇಶಕ್ಕೆ ವಾಪಸ್ ಹೋಗುವ ತನಕ ಕಾಯಲಾಗದ್ದು. ಇದನ್ನೂ ತಡೆಯುವ ಹಾಗಿಲ್ಲ. ಈ ಎರಡರಲ್ಲೂ ಚಿಕಿತ್ಸೆ ನಿಲ್ಲೋದಿಲ್ಲ, ಬಿಲ್ಲೂ ನಿಲ್ಲೋದಿಲ್ಲ. ಮೂರನೆಯದಕ್ಕೆ 2017ರ ಅಕ್ಟೋಬರ್‌ನಿಂದ ಪೂರ್ತಿ ಹಣ ಮುಂಗಡ ಕಟ್ಟಬೇಕು, ಇಲ್ಲದಿದ್ದರೆ ಚಿಕಿತ್ಸೆ ಇಲ್ಲ. ಯಾವುದು ಯಾವ ಭಾಗಕ್ಕೆ ಅಂತ ತೀರ್ಮಾನಿಸಬೇಕಾದ್ದು ಡಾಕ್ಟರ್, ಕಚೇರಿಯವರಲ್ಲ.

ಅಮ್ಮನದ್ದು ಪಿತ್ತಕೋಶದಲ್ಲಿ ಕಲ್ಲು, ಅದರಿಂದ ಸೋಂಕು. ಆ್ಯಂಟಿಬಯೋಟಿಕ್, ಡ್ರಿಪ್, ಸ್ಕ್ಯಾನ್ 'ತಕ್ಷಣ'ದ್ದು, ಅದನ್ನು ಚೆನ್ನಾಗಿಯೇ ಮಾಡಿದರು. ಎರಡನೇ ದಿನ ಮಧ್ಯಾಹ್ನ ಕೊರಳಲ್ಲಿ ಬ್ಯಾಡ್ಜ್ ಹಾಕಿದ ಒಬ್ಬರು ಮಂಚದ ಪಕ್ಕ ಬಂದು ನಿಂತರು. ಓವರ್‌ಸೀಸ್ ವಿಸಿಟರ್ಸ್ ತಂಡದವರು. ಯಾವ ವೀಸಾ, ಯಾವಾಗ ಬಂದದ್ದು, ವಾಪಸ್ ಟಿಕೆಟ್ ಯಾವತ್ತು. ಮಾತು ಮೃದುವಾಗಿಯೇ ಇತ್ತು. ಅವರು ಹೋದ ಮೇಲೆ ಅಮ್ಮ ಕೇಳಿದರು: "ಡಾಕ್ಟರಮ್ಮ ಟಿಕೆಟ್ ಯಾಕೆ ಕೇಳಿದ್ರು? ನನ್ನ ಕಳಿಸಿಬಿಡ್ತಾರಾ?"

ಅವರು ಡಾಕ್ಟರ್ ಅಲ್ಲ ಅಂತ ಅಮ್ಮನಿಗೆ ಹೇಗೆ ಗೊತ್ತಾಗಬೇಕು? ಟಿಕೆಟ್ ಕೇಳಿದ್ದಕ್ಕೆ ಕಾರಣ ಇತ್ತು. ಪಿತ್ತಕೋಶ ತೆಗೆಯುವ ಆಪರೇಷನ್ ಊರಿಗೆ ಹೋಗುವ ತನಕ ಕಾಯಬಲ್ಲದೋ ಇಲ್ಲವೋ ಅನ್ನೋದು ಹೋಗುವ ತಾರೀಖಿನ ಮೇಲೆ ನಿಂತಿರುತ್ತದೆ. ಕಾಯಬಲ್ಲದು ಅಂದರು ವೈದ್ಯರು. ಹಾಗಾಗಿ ಅದು 'ತುರ್ತಲ್ಲದ' ಭಾಗಕ್ಕೆ ಹೋಯಿತು, ನಾವು ಟಿಕೆಟ್ ಹಿಂದಕ್ಕೆ ತಂದೆವು. ನನ್ನ ಬಾಣಂತನ ಎಂಟು ವಾರಕ್ಕೇ ಮುಗಿಯಿತು.

ಬಿಲ್ ಯಾರ ಹೆಗಲಿಗೆ?

ಬಿಲ್ ರೋಗಿಯ ಹೆಸರಿಗೇ ಬರುತ್ತದೆ. ಮಗಳು ಅಲ್ಲೇ ದುಡಿಯುತ್ತಾಳೆ ಅಂತ ನನ್ನ ಹೆಸರಿಗೆ ಬರೋದಿಲ್ಲ. ಕಂತಿನಲ್ಲಿ ಕಟ್ಟಲು ಕೇಳಬಹುದು, ನಾವು ಕೇಳಿದೆವು, ಕೊಟ್ಟರು. ಕಟ್ಟದೇ ಬಿಟ್ಟರೆ? 500 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿನ ಸಾಲ ಎರಡು ತಿಂಗಳು ಮೀರಿದರೆ ಆ ಮಾಹಿತಿ ಗೃಹ ಇಲಾಖೆಗೆ ಹೋಗಬಹುದು, ಮುಂದಿನ ವೀಸಾ ಅರ್ಜಿ ಅದೇ ಕಾರಣಕ್ಕೆ ತಿರಸ್ಕಾರ ಆಗಬಹುದು. ಅಂದರೆ ಅಜ್ಜಿ ಮತ್ತೆ ಮೊಮ್ಮಗನ ಮುಖ ನೋಡಬೇಕು ಅಂದರೆ ಆಸ್ಪತ್ರೆ ಸಾಲ ತೀರಿರಬೇಕು.

ಇನ್ಶೂರೆನ್ಸ್ ಮಾಡಿಸಿರಲಿಲ್ಲವಾ ಅಂತ ನೀವು ಕೇಳಬಹುದು. ಮಾಡಿಸಿದ್ದೆವು. ಯುರೋಪಿನ ಷೆಂಗೆನ್ ವೀಸಾಗೆ 30,000 ಯೂರೋ ವಿಮೆ ಕಡ್ಡಾಯ, ಬ್ರಿಟನ್ನಿನ ಪ್ರವಾಸಿ ವೀಸಾಗೆ ವಿಮೆ ಕಡ್ಡಾಯ ಅಲ್ಲ. ಆದರೂ ಮಾಡಿಸಿದ್ದೆವು. ಮೊದಲೇ ಇದ್ದ ಕಾಯಿಲೆ ಅನ್ನೋ ಕಲಮು ತೋರಿಸಿ ಕಂಪನಿಯವರು ಒಂದು ಪಾಲು ಮಾತ್ರ ಕೊಟ್ಟರು. ಎರಡು ವರ್ಷದ ಹಿಂದಿನ ಒಂದು ಸ್ಕ್ಯಾನ್ ರಿಪೋರ್ಟಿನಲ್ಲಿ ಸಣ್ಣ ಕಲ್ಲಿನ ಪ್ರಸ್ತಾಪ ಇತ್ತಂತೆ. ಅರ್ಜಿಯಲ್ಲಿ ನಾವು ಅದನ್ನು ಬರೆದಿರಲಿಲ್ಲ. ತಪ್ಪು ನಮ್ಮದೂ ಇದೆ. ನೀವು ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರಾದರೆ ಹಳೆಯ ರಿಪೋರ್ಟುಗಳನ್ನೆಲ್ಲ ತೆಗೆದು ಓದಿ, ಎಲ್ಲವನ್ನೂ ಬರೆಯಿರಿ. ಪ್ರೀಮಿಯಂ ಜಾಸ್ತಿ ಆದರೆ ಆಗಲಿ.

'ಹೆಲ್ತ್ ಟೂರಿಸಂ' ಎಷ್ಟು ದೊಡ್ಡದು?

ಇಷ್ಟು ಬಿಗಿ ನಿಯಮಕ್ಕೆ ಸರ್ಕಾರಗಳು ಕೊಡುವ ಸಮರ್ಥನೆ ಹೆಲ್ತ್ ಟೂರಿಸಂ: ಉಚಿತ ಚಿಕಿತ್ಸೆಗಾಗಿಯೇ ವಿಮಾನ ಹತ್ತಿ ಬರುವವರು. ಅಂಥವರು ಇಲ್ಲವೇ ಇಲ್ಲ ಅಂತ ನಾನು ಹೇಳೋದಿಲ್ಲ. ಎಷ್ಟಿದ್ದಾರೆ ಅನ್ನೋದು ಪ್ರಶ್ನೆ. 2013ರಲ್ಲಿ ಸರ್ಕಾರವೇ ಮಾಡಿಸಿದ ಅಧ್ಯಯನ ಇಂಥ ಉದ್ದೇಶಪೂರ್ವಕ ಬಳಕೆಯ ವೆಚ್ಚವನ್ನು ವರ್ಷಕ್ಕೆ 11 ಕೋಟಿಯಿಂದ 28 ಕೋಟಿ ಪೌಂಡ್ ಅಂತ ಅಂದಾಜಿಸಿತು. ಆ ಹೊತ್ತಿಗೆ ಇಂಗ್ಲೆಂಡಿನ ಎನ್‌ಎಚ್‌ಎಸ್ ವೆಚ್ಚ ವರ್ಷಕ್ಕೆ ಸುಮಾರು 10,000 ಕೋಟಿ ಪೌಂಡ್. ಗರಿಷ್ಠ ಅಂದಾಜು ಹಿಡಿದರೂ ನೂರಕ್ಕೆ ಮೂವತ್ತು ಪೈಸೆ.

ಅತ್ತ ಇದಕ್ಕೆ ತೆತ್ತ ಬೆಲೆ ಏನು? ಬೆವನ್ ಮಾತು ನೆನಪಿದೆಯಲ್ಲ. 2018ರಲ್ಲಿ ವಿಂಡ್‌ರಷ್ ಹಗರಣ ಹೊರಬಂತು. ಹದಿಹರೆಯದಲ್ಲಿ ಜಮೈಕಾದಿಂದ ಬಂದು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಲಂಡನ್ನಿನಲ್ಲಿ ಬದುಕಿ, ದುಡಿದು, ತೆರಿಗೆ ಕಟ್ಟಿದ್ದ ಒಬ್ಬರಿಗೆ ಪ್ರಾಸ್ಟೇಟ್ ಕ್ಯಾನ್ಸರ್. ನಿವಾಸದ ದಾಖಲೆ ತೋರಿಸಿ, ಇಲ್ಲಾಂದ್ರೆ ರೇಡಿಯೋಥೆರಪಿಗೆ 54,000 ಪೌಂಡ್ ಕಟ್ಟಿ ಅಂದರು. ಆ ವ್ಯಕ್ತಿ ಪ್ರವಾಸಿ ಅಲ್ಲ, ಅಕ್ರಮ ವಲಸಿಗ ಅಲ್ಲ. ಕಾನೂನಿನ ಪ್ರಕಾರ ಪೂರ್ತಿ ಹಕ್ಕಿದ್ದವರು. ಅವರ ಹತ್ತಿರ ಇಲ್ಲದೇ ಇದ್ದದ್ದು ಕಾಗದ ಮಾತ್ರ. ಹೊರಗಿನವರನ್ನು ಹುಡುಕೋಕೆ ಹೆಣೆದ ಬಲೆಗೆ ಒಳಗಿನವರು ಸಿಕ್ಕಿಬಿದ್ದರು.

ಅದೇ ವರ್ಷದ ಡಿಸೆಂಬರ್‌ನಲ್ಲಿ ವೈದ್ಯರು, ಮಕ್ಕಳ ವೈದ್ಯರು, ಪ್ರಸೂತಿ ತಜ್ಞರ ರಾಯಲ್ ಕಾಲೇಜುಗಳು ಒಟ್ಟಾಗಿ ಈ ಶುಲ್ಕ ನಿಯಮಗಳನ್ನು ಅಮಾನತಿನಲ್ಲಿಡಿ ಅಂದವು. ಜನ ಹೆದರಿ ಚಿಕಿತ್ಸೆಯಿಂದ ದೂರ ಉಳಿಯುತ್ತಿದ್ದಾರೆ, ಡಾಕ್ಟರು ವಲಸೆ ಅಧಿಕಾರಿಯ ಕೆಲಸ ಮಾಡುವ ಹಾಗಾಗಿದೆ ಅನ್ನೋದು ಅವರ ಆತಂಕ. ನಿಯಮ ಹಾಗೇ ಮುಂದುವರಿಯಿತು.

ನಾನು ಕೇಳುತ್ತಿರೋದು ಏನು?

ಯಾವುದೇ ದೇಶ ಇಡೀ ಜಗತ್ತಿಗೆ ಉಚಿತ ಚಿಕಿತ್ಸೆ ಕೊಡಬೇಕು ಅಂತ ನನ್ನ ವಾದ ಅಲ್ಲ. ತೆರಿಗೆ ಹಣದ ಸೇವೆಗೆ ಗಡಿ ಇರುತ್ತದೆ, ಇರಲಿ. ಪ್ರವಾಸಿಗೂ ಸರ್‌ಚಾರ್ಜ್‌ನಂಥ ಒಂದು ಸಣ್ಣ ಶುಲ್ಕವನ್ನು ವೀಸಾ ಅರ್ಜಿಯಲ್ಲೇ ತೆಗೆದುಕೊಂಡರೆ ಯಾರೂ ಬೇಡ ಅನ್ನೋದಿಲ್ಲ. ಕೇಳುವ ಪ್ರಶ್ನೆಯನ್ನು ವೀಸಾ ಕೌಂಟರಿನಲ್ಲಿ ಕೇಳಿ, ಮಂಚದ ಪಕ್ಕ ಕೇಳಬೇಡಿ. ಯಾಕೆ ಅಂದರೆ ಮಂಚದ ಪಕ್ಕ ಕೇಳುವ ಪ್ರಶ್ನೆಯ ಸುದ್ದಿ ಆಸ್ಪತ್ರೆಯ ಗೋಡೆ ದಾಟಿ ಮನೆಮನೆಗೆ ಹೋಗುತ್ತದೆ. ಅಲ್ಲಿ ಯಾರೋ ಅಮ್ಮಂದಿರು ನೋವು ನುಂಗಿಕೊಂಡು ಜೀರಿಗೆ ಕಷಾಯ ಕುಡಿಯುತ್ತಾರೆ. ಬೇಗ ಬಂದಿದ್ದರೆ ಜಿಪಿ ಹತ್ತಿರ ಪುಕ್ಕಟೆ ಮುಗಿಯಬಹುದಾದದ್ದು ನಾಲ್ಕು ದಿನದ ವಾರ್ಡಾಗುತ್ತದೆ.

ಬ್ರಿಟನ್ನಿನ ಮಾತು ನಮಗ್ಯಾಕೆ ಅನ್ನುವವರಿಗೆ ಕೊನೆಯದೊಂದು ಮಾತು. ಅಮ್ಮ ವಾಪಸ್ ಬಂದ ಮೇಲೆ ದಾವಣಗೆರೆಯಲ್ಲೇ ಆಪರೇಷನ್ ಆಯ್ತು. ಅಲ್ಲಿನ ಕೌಂಟರಿನಲ್ಲೂ ಮೊದಲ ಪ್ರಶ್ನೆ ಕಾಗದದ್ದೇ: "ಬಿಪಿಎಲ್ಲೋ, ಎಪಿಎಲ್ಲೋ?" ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಉಚಿತ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ ಸರ್ಕಾರದ್ದು. ಅಪ್ಪಾಜಿಗೆ ಪಿಂಚಣಿ ಇದೆ, ನಾವು ಎಪಿಎಲ್, ಹೇಗೋ ಕಟ್ಟಿದೆವು. ನಮ್ಮ ಪಕ್ಕದ ಸಾಲಿನಲ್ಲಿ ಒಬ್ಬ ಹುಡುಗ ನಿಂತಿದ್ದ. ಕಟ್ಟಡ ಕೆಲಸಕ್ಕೆ ಬಿಹಾರದಿಂದ ಬಂದವನು, ಕಾರ್ಡು ಊರಲ್ಲಿದೆ ಅಂತ ಹಿಂದಿಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದ. ಕೌಂಟರಿನವರಿಗೆ ಅವನ ಮಾತು ಅರ್ಥ ಆಗುತ್ತಿರಲಿಲ್ಲ.

ಅಮ್ಮ ನನ್ನ ಕೈ ತಟ್ಟಿ, "ನಿಂಗೆ ಹಿಂದಿ ಬರುತ್ತಲ್ಲ, ಹೋಗಿ ಹೇಳೇ. ಪಾಪ, ಅವನಿಗೂ ಟಿಕೆಟ್ ಕೇಳ್ತಿರಬೇಕು" ಅಂದರು.